ಹಿನ್ನೀರಿನ ದ್ವೀಪ, ನಮ್ಮ ಮನೆಯ ದೀಪ

ಗದಗು-ಬೆಟಗೇರಿಯ ಗಿರಣಿ ಕಾಮಗಾರನಿಗೂ, ಲಕ್ಷ್ಮೇಶ್ವರದ ಕಿರಾಣಿ ಅಂಗಡಿಕಾರನಿಗೂ, ದೂರದ ಶರಾವತಿಯ ಹಿನ್ನೀರಿನಲ್ಲಿ ಓಡುತ್ತಿದ್ದ ಒಂದು ಲಾಂಚಿಗೂ ಏನು ಸಂಬಂಧ? ಮೇಲುನೋಟಕ್ಕೆ ಯಾವುದೂ ಇಲ್ಲ. ಆದರೆ ಗುಂಡಿ ಒತ್ತಿದೊಡನೆ ಹತ್ತುವ ದೀಪವನ್ನು ಕೇಳಿ ನೋಡಿದರೆ ಅದು ಬೇರೆ ಜವಾಬು ಕೊಟ್ಟೀತು. ಸಂಬಂಧವುಂಟು. ಅದು ಸಾಲಗಾರನಿಗೂ ಸಾಲ ಕೊಟ್ಟವನಿಗೂ ಇರುವ ಸಂಬಂಧ. ಆ ಸಾಲದ ಲೆಕ್ಕವನ್ನು ಈ ವಾರ ವಾಚಕ ಬಂಧುಗಳ ಮುಂದೆ ಇಡಬೇಕೆಂದಿದ್ದೇವೆ.

ಶಿವಮೊಗ್ಗ ಜಿಲ್ಲೆಯ ಸಾಗರ ತಾಲೂಕಿನಲ್ಲಿ ಕರೂರು, ಬಾರಂಗಿ ಎಂಬ ಹೋಬಳಿಗಳಿವೆ. ತುಮರಿ, ಕಳಸವಳ್ಳಿ, ಸಿಗಂದೂರು ಆ ಭಾಗದ ಊರುಗಳು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿಂದಕ್ಕೆ ನಿಂತಾಗ ಹೊಲ, ತೋಟ, ಗುಡಿ, ಮನೆ ಎಲ್ಲವೂ ನೀರಿನೊಳಗೆ ಹೋದವು. ಉಳಿದ ಊರುಗಳಿಗೆ ಒಂದು ಕಡೆ ಘಟ್ಟದ ಕಾಡು, ಮಿಕ್ಕ ಕಡೆಗಳಲ್ಲೆಲ್ಲ ನೀರು. ತಾಲೂಕಿನ ಪೇಟೆ ಆಚೆ ದಂಡೆಯ ಕಡೆಗೆ ಉಳಿಯಿತು. ಜನರು ಆ ನೆಲವನ್ನು ದ್ವೀಪವೆಂದೇ ಕರೆದರು. ಹೊಳೆಬಾಗಿಲಿನ ಕಡವಿನಲ್ಲಿ, ಅಂದರೆ ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ, ಜನರನ್ನೂ ಮೋಟಾರುಗಳನ್ನೂ ದಾಟಿಸುವ ಸರಕಾರಿ ಲಾಂಚು ಹಲವು ದಶಕಗಳ ಕಾಲ ಅವರ ಹೆದ್ದಾರಿಯಾಗಿತ್ತು.

ಲಾಂಚು ನಡೆಯುತ್ತಿದ್ದ ದಿನಗಳಲ್ಲಿ ನಾವೂ ಒಮ್ಮೆ ಅದನ್ನೇರಿ ದಾಟಿದ್ದೆವು. ದಂಡೆಯಲ್ಲಿ ಕಾರು, ಜೀಪು, ಮೋಟಾರು ಸೈಕಲ್ಲುಗಳ ಉದ್ದನೆಯ ಸಾಲು. ಲಾಂಚು ಬಂದು ನಿಂತು ಮುಂದಿನ ಹಲಗೆಯನ್ನು ನೆಲಕ್ಕೆ ಇಳಿಸಿತು. ಕೆಲಸಗಾರನೊಬ್ಬ ಕೈ ಬೀಸುತ್ತ ಒಂದೊಂದೇ ವಾಹನವನ್ನು ಅಂಗೈಯಗಲ ಬಿಟ್ಟು ನಿಲ್ಲಿಸಿದ. ಉಳಿದ ಜಾಗದಲ್ಲಿ ನಾವೆಲ್ಲ ನಿಂತೆವು. ಸಿಗಂದೂರು ಚೌಡೇಶ್ವರಿಗೆ ಹೊರಟ ನಮ್ಮ ಕಡೆಯ ಯಾತ್ರಿಕರು ಹಣ್ಣು ಕಾಯಿ ಹಿಡಿದು ನೀರಿನ ಚೆಲುವನ್ನು ಹೊಗಳುತ್ತಿದ್ದರು. ಪಕ್ಕದಲ್ಲಿ ಕಾಲೇಜು ಮುಗಿಸಿ ಮನೆಗೆ ಮರಳುವ ಹುಡುಗಿಯರು ಗಡಿಯಾರ ನೋಡಿಕೊಳ್ಳುತ್ತಿದ್ದರು. ಕಟಕಟೆಗೆ ಆತು ನಿಂತಿದ್ದ ಮುದುಕರೊಬ್ಬರನ್ನು ಮಾತಾಡಿಸಿ, "ನಿಮ್ಮ ಊರು ಯಾವುದು, ಯಜಮಾನರೆ?" ಎಂದು ಕೇಳಿದೆವು. ಅವರು ನೀರಿನಲ್ಲಿ ತಲೆಯೆತ್ತಿ ನಿಂತ ಒಣ ಮರದ ಬೊಡ್ಡೆಗಳ ಕಡೆಗೆ ಬೆರಳು ತೋರಿಸಿ, "ಅದರ ಕೆಳಗೆ ಐತಿ ಸ್ವಾಮಿ, ಈಗ ದಾಟ್ತಾ ಇದೀವಲ್ಲ" ಎಂದರು. ಸಿಟ್ಟಿನಿಂದ ಹೇಳಿದ ಮಾತಲ್ಲ ಅದು. ಆದುದರಿಂದಲೇ ನಾವು ಅದನ್ನು ಮರೆತಿಲ್ಲ.

ಯಾತ್ರಿಕನಿಗೆ ಲಾಂಚು ಒಂದು ದಿನದ ಸಂತೋಷ. ಅಲ್ಲಿಯ ನಿವಾಸಿಗೆ ಅದು ದಿನನಿತ್ಯದ ಬಾಗಿಲು, ಮತ್ತು ಆ ಬಾಗಿಲಿನ ಬೀಗದ ಕೈ ಅವನ ಹತ್ತಿರ ಇರಲಿಲ್ಲ. ಸಂಜೆಯಾದ ಮೇಲೆ ಲಾಂಚು ನಿಲ್ಲುತ್ತಿತ್ತು. ರಾತ್ರಿ ಹೆರಿಗೆ ನೋವು ಕಾಣಿಸಿಕೊಂಡರೆ, ಹಾವು ಕಚ್ಚಿದರೆ, ಕಾಡುದಾರಿ ಸುತ್ತಿ ಬಹುದೂರದ ದವಾಖಾನೆಗೆ ಹೋಗಬೇಕು, ಇಲ್ಲವೆ ಬೆಳಗಾಗುವ ತನಕ ದೇವರನ್ನು ನೆನೆಯಬೇಕು. ಹಬ್ಬದ ದಿನಗಳಲ್ಲಿ ಪರಸ್ಥಳದ ಕಾರುಗಳ ಸಾಲು ಬೆಳೆದರೆ ಊರವನೇ ದಂಡೆಯಲ್ಲಿ ಕಾಯಬೇಕು. ಮುಂಗಾರು ತಡವಾಗಿ ನೀರು ತೀರ ಇಳಿದ ವರ್ಷ ಹಲಗೆ ದಂಡೆಗೆ ಮುಟ್ಟದೆ ವಾಹನ ಸಾಗಿಸುವುದೇ ನಿಲ್ಲುತ್ತಿತ್ತು. ನೀರು ಬಂದು ಮನೆ ಮುಳುಗಿಸಿತು, ನೀರು ಹೋಗಿ ದಾರಿ ಕಟ್ಟಿತು. ಎರಡೂ ಸಲ ನಷ್ಟ ಒಬ್ಬರಿಗೇ.

ಈ ತ್ಯಾಗದಿಂದ ಆದ ಲಾಭವೇನು ಸಣ್ಣದಲ್ಲ. ಲಿಂಗನಮಕ್ಕಿಯಲ್ಲಿ ನಿಲ್ಲುವ ನೀರು ಸುಮಾರು 151 ಟಿ.ಎಂ.ಸಿ. ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳ ಶಕ್ತಿ 1,035 ಮೆಗಾವಾಟ್. ಇದಕ್ಕೂ ಮೊದಲು ಜೋಗದ ವಿದ್ಯುದಾಗಾರಕ್ಕಾಗಿ ಹಿರೇಭಾಸ್ಕರದಲ್ಲಿ ಅಣೆಕಟ್ಟು ಕಟ್ಟಿ ಒಮ್ಮೆ ನೆಲ ಮುಳುಗಿಸಿದ್ದಾಗಿತ್ತು. ಲಿಂಗನಮಕ್ಕಿ ಬಂದು ಆ ಹಳೆಯ ಅಣೆಕಟ್ಟನ್ನೇ ನುಂಗಿತು. ಹಲವು ದಶಕಗಳ ಕಾಲ ನಮ್ಮ ನಾಡಿನ ಯಂತ್ರಗಳು ಮುಖ್ಯವಾಗಿ ಶರಾವತಿಯ ಬಲದಿಂದ ತಿರುಗಿದವು. ತಂತಿಯಲ್ಲಿ ಬರುವ ಕರೆಂಟಿಗೆ ಊರಿನ ಹೆಸರು ಬರೆದಿರುವುದಿಲ್ಲ. ಬರೆದಿದ್ದರೆ ಬೆಟಗೇರಿಯ ಮಗ್ಗದ ಮೇಲೂ, ಗದುಗಿನ ಅರಳೆ ಗಿರಣಿಯ ಗೋಡೆಯ ಮೇಲೂ ಮುಳುಗಿದ ಹಳ್ಳಿಗಳ ಹೆಸರುಗಳನ್ನು ನಾವು ಓದಬೇಕಾಗುತ್ತಿತ್ತು.

ನಾವು ಅಣೆಕಟ್ಟಿನ ವಿರೋಧಿಗಳಲ್ಲ. ಕರೆಂಟಿಲ್ಲದೆ ಗಿರಣಿ ಇಲ್ಲ, ಗಿರಣಿ ಇಲ್ಲದೆ ಕೂಲಿ ಇಲ್ಲ. ನಮ್ಮ ಪ್ರಶ್ನೆ ಒಂದೇ: ಕೊಟ್ಟವರು ಯಾರು, ಪಡೆದವರು ಯಾರು, ಕೊಟ್ಟವರ ಪಾಲಿಗೆ ಬಂದುದೇನು?

ಈ ಪ್ರಶ್ನೆಯನ್ನು ಸಾಗರ ತಾಲೂಕಿನಲ್ಲಿ ಸಮಾಜವಾದಿಗಳು ಕೇಳಿದ್ದು ಇದೇ ಮೊದಲಲ್ಲ. 1951ರಲ್ಲಿ ಅದೇ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರು ಒಡೆಯರ ಅಳತೆಯ ಕೊಳಗದ ಅನ್ಯಾಯಕ್ಕೆ ಎದುರಾಗಿ ಸತ್ಯಾಗ್ರಹ ಹೂಡಿದರು. ಎಚ್. ಗಣಪತಿಯಪ್ಪನವರು ಅವರನ್ನು ಸಂಘಟಿಸಿದರು, ಶಾಂತವೇರಿ ಗೋಪಾಲಗೌಡರು ಮುಂದೆ ನಿಂತರು, ಡಾಕ್ಟರ್ ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಉಳುವವನಿಗೇ ಹೊಲ ಎಂಬ ಆ ಕೂಗು ಪೂರ್ಣ ಕಾಯದೆಯಾಗಿ ಜಾರಿಗೆ ಬಂದದ್ದು 1974ರಲ್ಲಿ. ನೀರು ಬಂದದ್ದು 1964ರಲ್ಲಿ. ಈ ಹತ್ತು ವರ್ಷಗಳ ಅಂತರವನ್ನು ವಾಚಕರು ಗಮನಿಸಬೇಕು. ಹೊಲದ ಕಾಗದ ಒಡೆಯನ ಹೆಸರಿನಲ್ಲಿದ್ದ ಕಾಲದಲ್ಲಿ ಹೊಲ ಮುಳುಗಿದರೆ ಪರಿಹಾರದ ಹಣ ಯಾರ ಕೈಗೆ ಹೋದೀತು? ಬೆವರು ಸುರಿಸಿದವನ ಕೈಗೆ ಏನು ಉಳಿದೀತು? ಅಂದು ಎಬ್ಬಿಸಿ ಕಾಡಿನ ಅಂಚಿಗೆ ಕಳಿಸಿದ ಕುಟುಂಬಗಳ ಮಕ್ಕಳು, ಮೊಮ್ಮಕ್ಕಳು ತಾವು ಕುಳಿತ ನೆಲದ ಹಕ್ಕುಪತ್ರಕ್ಕಾಗಿ ಇಂದಿಗೂ ಕಚೇರಿ ಅಲೆಯುತ್ತಿದ್ದಾರೆ. ನಾಡಿಗೆ ಬೆಳಕು ಕೊಟ್ಟವರನ್ನು ಅರಣ್ಯದ ಒತ್ತುವರಿದಾರರೆಂದು ಕರೆಯುವುದು ದೀಪದ ಕೆಳಗಿನ ಕತ್ತಲೆಯಲ್ಲದೆ ಮತ್ತೇನು?

ಸೇತುವೆಯ ಅಡಿಗಲ್ಲು ಬಿದ್ದದ್ದು 2018ರಲ್ಲಿ. ಎರಡು ಕಿಲೋಮೀಟರಿಗೂ ಮಿಕ್ಕ ಉದ್ದದ, ನಾಲ್ಕು ನೂರು ಕೋಟಿ ರೂಪಾಯಿಗೂ ಹೆಚ್ಚು ವೆಚ್ಚದ ಆ ಸೇತುವೆ 14 ಜುಲೈ 2025ರಂದು ತೆರೆಯಿತು. ಅರವತ್ತೊಂದು ವರ್ಷ ಕಾದ ಜನರ ಎದುರಿನಲ್ಲಿ ಅಂದು ದೊಡ್ಡ ಚರ್ಚೆ ನಡೆದದ್ದು, ಸಮಾರಂಭದ ಕರೆ ಯಾರಿಗೆ ಸರಿಯಾಗಿ ಮುಟ್ಟಿತು, ಯಾರಿಗೆ ಮುಟ್ಟಲಿಲ್ಲ ಎಂಬುದರ ಮೇಲೆ! ಸೇತುವೆ ಆದುದಕ್ಕೆ ನಮಗೆ ಸಂತೋಷವಿದೆ. ಆದರೆ ಅದನ್ನು ಯಾರದಾದರೂ ಕೊಡುಗೆಯೆಂದು ಕರೆಯಲು ನಾವು ಸಿದ್ಧರಿಲ್ಲ. ಎರಡು ತಲೆಮಾರು ತಡೆದು ತೀರಿಸಿದ ಸಾಲದ ಕಂತು ಅದು, ಬಡ್ಡಿಯಂತೂ ಇನ್ನೂ ಬಾಕಿ.

ಆ ಬಡ್ಡಿ ಯಾವುದೆಂದರೆ, ಮೊದಲನೆಯದಾಗಿ ಮುಳುಗಡೆಯವರ ಹಕ್ಕುಪತ್ರ. ಎರಡನೆಯದು, ಆ ಲಾಂಚಿನಲ್ಲಿ ದುಡಿದ ಕೆಲಸಗಾರರನ್ನು ಬೇರೆ ಕೆಲಸ ಕೊಡದೆ ಮನೆಗೆ ಕಳಿಸಬಾರದು. ಯಂತ್ರ ಬದಲಾದಾಗಲೆಲ್ಲ ಮೊದಲು ಹೊರಗೆ ನಿಲ್ಲುವವನು ಕೂಲಿಕಾರನೇ ಎಂಬುದನ್ನು ನಮ್ಮ ಗಿರಣಿ ಬಂಧುಗಳಿಗೆ ಬೇರೆ ಹೇಳಬೇಕಾಗಿಲ್ಲ. ಮೂರನೆಯದು, ದಂಡೆಯಲ್ಲಿ ಚಹಾ, ತಿಂಡಿ, ಹಣ್ಣು ಮಾರಿ ಬದುಕಿದ ಚಿಕ್ಕ ವ್ಯಾಪಾರಸ್ಥರಿಗೆ ಹೊಸ ರಸ್ತೆಯ ಬದಿಯಲ್ಲಿ ಜಾಗ ಸಿಗಬೇಕು. ದೊಡ್ಡ ಹೋಟೆಲಿನವನು ಬಂದು ಆ ಜಾಗ ಹಿಡಿಯುವ ಮೊದಲೇ ಸಿಗಬೇಕು.

ಇಷ್ಟೆಲ್ಲ ಮಲೆನಾಡಿನ ಮಾತು, ನಮಗೇಕೆ ಎನ್ನುವವರು ಮುಂಡರಗಿಗೆ ಹೋಗಿ ಬರಲಿ. ಶಿರಹಟ್ಟಿ, ಮುಂಡರಗಿ ಸೀಮೆಯ ಹೊಳೆದಂಡೆಯವರಿಗೆ ಹರಿಗೋಲಿನ ಕಷ್ಟ ಹೊಸದಲ್ಲ. ಸಿಂಗಟಾಲೂರು ಏತ ನೀರಾವರಿಗಾಗಿ ಹಮ್ಮಿಗಿಯಲ್ಲಿ ತುಂಗಭದ್ರೆಗೆ ಬ್ಯಾರೇಜು ಕಟ್ಟಿದಾಗ ಗುಮ್ಮಗೋಳ, ಬಿದರಹಳ್ಳಿ, ವಿಠಲಾಪುರದ ಜನ ಊರು ಬಿಡುವ ಮಾತನ್ನು ಕೇಳಬೇಕಾಯಿತು. ನಮ್ಮ ಬರಗಾಲದ ಹೊಲಗಳಿಗೆ ಆ ನೀರು ಬೇಕು. ಅಷ್ಟೇ ಖಂಡಿತವಾಗಿ, ಆ ನೀರಿಗಾಗಿ ಊರು ಬಿಟ್ಟುಕೊಡುವವರಿಗೆ ಮನೆ, ಶಾಲೆ, ದವಾಖಾನೆ, ರಸ್ತೆ ಬೇಕು. ನೀರು ಏರಿದ ಮೇಲಲ್ಲ, ಏರುವ ಮೊದಲು. ಶರಾವತಿಯ ಪಾಠ ಇಷ್ಟೇ: ಅಣೆಕಟ್ಟಿನ ಅಂದಾಜು ಪತ್ರಿಕೆಯಲ್ಲಿ ದಾಟುವ ದಾರಿಯ ಖರ್ಚು ಬರೆಯದಿದ್ದರೆ ಆ ಖರ್ಚನ್ನು ಬಡವರು ಅರವತ್ತು ವರ್ಷ ತಮ್ಮ ಆಯುಷ್ಯದಲ್ಲಿ ತೆರುತ್ತಾರೆ.

ಆದುದರಿಂದ ನಮ್ಮ ಸೂಚನೆ ಹೀಗಿದೆ. ಕಾಮಗಾರರ ಸಂಘಗಳೂ ವ್ಯಾಪಾರಸ್ಥರ ಸಂಘಗಳೂ ತಮ್ಮ ಮುಂದಿನ ಸಭೆಯಲ್ಲಿ ಒಂದು ಠರಾವು ಮಾಡಲಿ: ಪುನರ್ವಸತಿ ಮತ್ತು ದಾರಿ ಪೂರ್ಣವಾಗದೆ ಯಾವ ಹಳ್ಳಿಯನ್ನೂ ನೀರಿಗೆ ಒಪ್ಪಿಸಕೂಡದು. ಅದರ ಒಂದು ಪ್ರತಿ ಜಿಲ್ಲಾಧಿಕಾರಿಗಳಿಗೆ, ಒಂದು ಪ್ರತಿ ನಮ್ಮ ಶಾಸಕರಿಗೆ ಹೋಗಲಿ. ಮುಂಡರಗಿಯ ಹೊಳೆದಂಡೆಯವರು ಈ ಕೂಗನ್ನು ತಾವೊಬ್ಬರೇ ಕೂಗಿದರೆ ಕಚೇರಿಯ ಕಿವಿಗೆ ಬೀಳುವುದು ಕಷ್ಟ. ಗದುಗಿನ ಪೇಟೆ ಅವರ ಜೊತೆಗೆ ನಿಂತರೆ ಬೀಳುತ್ತದೆ.