ಚರಿಗೆ ತುಂಬಿದರೂ ಬೆಣ್ಣೆ ಏಳದು

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ಹಾಲಿನ ಸಂಘಗಳಲ್ಲಿ ಒಂದು ಸೋಜಿಗವುಂಟು. ಕ್ಯಾನು ತುಂಬಿ ತಂದವನಿಗೆ ಲೀಟರಿಗೆ ದೊರೆಯುವ ದರ, ತಂಬಿಗೆಯಷ್ಟು ತಂದ ಮುದುಕಿಯ ದರಕ್ಕಿಂತ ಕಡಿಮೆಯಾಗಿರಬಹುದು. ಹಾಲನ್ನು ಅಳೆದರೆ ಸಾಲದು, ಜಿಡ್ಡನ್ನೂ ನೋಡಿ ಬೆಲೆ ಕಟ್ಟುವರು. ಆದರೆ ಒಂದೇ ಕೊಟ್ಟಿಗೆಯಲ್ಲಿ ಒಂದೇ ಗೋವಿನಜೋಳದ ಮೇವನ್ನೂ ಒಂದೇ ಹಿಂಡಿಯನ್ನೂ ತಿಂದ ಎರಡು ಆಕಳುಗಳ ಹಾಲಿನಲ್ಲಿ ಜಿಡ್ಡು ಬೇರೆಯಾಗುವುದೇಕೆ?

ಉತ್ತರದ ಒಂದು ಪಾಲು ಹುಟ್ಟಿನಲ್ಲಿಯೇ ಇದೆ. ಆಕಳಿನ 14ನೆಯ ವರ್ಣತಂತುವಿನ ಮೇಲೆ ಡಿಜಿಎಟಿ-1 ಎಂಬ ವಂಶವಾಹಿಯಿದೆ. ಹಾಲಿನ ಕೊಬ್ಬನ್ನು ಕಟ್ಟುವ ಕಿಣ್ವವು ಇದರ ಆಣತಿಯಂತೆ ರೂಪುಗೊಳ್ಳುತ್ತದೆ. ಇದರ ಗುಟ್ಟನ್ನು ವಿಜ್ಞಾನಿಗಳು 2002ರಲ್ಲಿ ಹೊರಗೆಡಹಿದರು. ಆ ಕಿಣ್ವದ 232ನೆಯ ಸ್ಥಾನದಲ್ಲಿ ಲೈಸಿನ್ ಎಂಬ ಆಮ್ಲವಿದ್ದರೆ ಹಾಲು ಗಟ್ಟಿ, ಪ್ರಮಾಣ ಕಡಿಮೆ. ಅಲನಿನ್ ಇದ್ದರೆ ಚರಿಗೆ ತುಂಬುವುದು, ಜಿಡ್ಡು ತೆಳುವಾಗುವುದು. ಎರಡನ್ನೂ ಒಟ್ಟಿಗೆ ಕೊಡಲು ನಿಸರ್ಗ ಒಲ್ಲದು.

ಕರ್ನಾಲಿನ ಸಂಶೋಧಕರು 2006ರಲ್ಲಿ ಭಾರತದ ಆಕಳು, ಎಮ್ಮೆಗಳ ತಳಿಗಳನ್ನು ಪರೀಕ್ಷಿಸಿದಾಗ ಎಲ್ಲೆಡೆಯೂ ಲೈಸಿನ್ನಿನ ರೂಪವೇ ಕಂಡುಬಂದಿತು. ಆರಿಸಲು ಭೇದವೇ ಇಲ್ಲ! ನಾಡ ಆಕಳಿನ ಹಾಲು ಅಳತೆಯಲ್ಲಿ ಸೋತರೂ ಬೆಣ್ಣೆಯಲ್ಲಿ ಸೋಲದಿರುವುದಕ್ಕೆ ಇದೂ ಒಂದು ಕಾರಣವಿರಬೇಕು. ಜರ್ಸಿಯಲ್ಲಿಯೂ ಇದೇ ರೂಪ ಹೆಚ್ಚು. ಹೊಲ್‌ಸ್ಟೀನ್ ಹೋರಿಗಳಲ್ಲಿ ಎರಡು ರೂಪಗಳೂ ಉಂಟು. ಹೀಗಾಗಿ ಅವುಗಳ ಬೀಜದಿಂದ ಹುಟ್ಟಿದ ಮಿಶ್ರತಳಿಯ ಕರುಗಳು ನೋಡಲು ಒಂದೇ ಬಣ್ಣದವಾದರೂ ಹಾಲಿನ ಗುಣದಲ್ಲಿ ಒಂದೇ ಅಲ್ಲ.

ಎಲ್ಲವೂ ವಂಶದ ಮಹಿಮೆಯೆಂದು ತಿಳಿಯಬಾರದು. ಹಾಲಿನ ಪ್ರಮಾಣದಲ್ಲಿ ಕಾಣುವ ವ್ಯತ್ಯಾಸದ ಸುಮಾರು ಕಾಲು ಭಾಗದಿಂದ ಮೂರನೆಯ ಒಂದು ಭಾಗ ಮಾತ್ರ ಹುಟ್ಟಿನಿಂದ ಬಂದುದು. ಉಳಿದುದು ಮೇವು, ನೀರು, ನೆರಳು, ಆರೈಕೆ. ಬೇಸಿಗೆಯಲ್ಲಿ ಒಣ ಹುಲ್ಲನ್ನಷ್ಟೇ ಕಂಡ ಆಕಳಿಗೆ ಎಷ್ಟು ಉತ್ತಮ ವಂಶವಾಹಿ ಇದ್ದರೇನು? ಜಿಡ್ಡಿನ ಪ್ರಮಾಣದ ಮೇಲೆ ಮಾತ್ರ ವಂಶದ ಹಿಡಿತ ಇದಕ್ಕಿಂತ ಬಿಗಿಯಾದುದು.

ಆಕಳು ಬೆದೆಗೆ ಬಂದ ದಿನ ರೈತನು ಕೇಳುವುದು ಒಂದೇ ಪ್ರಶ್ನೆ: ಎಚ್ಚೆಫ್ಫೋ, ಜರ್ಸಿಯೋ? ಯಾವ ಹೋರಿ, ಅದರ ಹೆಣ್ಣುಮಕ್ಕಳು ಎಷ್ಟು ಹಾಲು ಕೊಟ್ಟಿವೆ, ಜಿಡ್ಡು ಎಷ್ಟು ಎಂದು ಕೇಳುವವರು ವಿರಳ. ಹೋರಿ ಹಾಲು ಕೊಡದು. ಅದರ ಯೋಗ್ಯತೆ ತಿಳಿಯುವುದು ಮಗಳ ಕೆಚ್ಚಲಿನಿಂದಲೇ. ಒಂಬತ್ತು ತಿಂಗಳು ಗರ್ಭ, ಆಮೇಲೆ ಕರು ಮಣಕವಾಗಿ, ಗಬ್ಬವಾಗಿ, ಈಯುವವರೆಗೆ ಮತ್ತೆ ಎರಡು ವರ್ಷಕ್ಕೂ ಮಿಗಿಲು. ಇಂದು ಹಾಕಿಸಿದ ಬೀಜ ಒಳ್ಳೆಯದೋ ಅಲ್ಲವೋ ಎಂಬುದು ಸಂಘದ ಚೀಟಿಯಲ್ಲಿ ಕಾಣಲು ಮೂರು ವರ್ಷ ಕಾಯಬೇಕು. ಬ್ಯಾಂಕಿನ ಸಾಲದ ಕಂತು ಅಷ್ಟು ದಿನ ಕಾಯುವುದಿಲ್ಲ.