ಕನ್ನಡಕ್ಕೊಂದು ಕಂಪ್ಯೂಟರ್ ಪತ್ರಿಕೆ ಬೇಡವಾಗಿತ್ತೇ?

"ಕಂಪ್ಯೂಟರ್ ಕಲಿಯೋಕೆ ಕನ್ನಡ ಯಾಕೆ ಸಾರ್? ಇಂಗ್ಲಿಷ್ ಬಂದ್ರೆ ಸಾಕಲ್ವಾ?" ಒಡ್ಡನ್‌ಛತ್ರಂ ತರಕಾರಿ ಮಂಡಿಯ ಹತ್ತಿರ ಟೀ ಕುಡಿಯುವಾಗ ನಮ್ಮವರೇ ಒಬ್ಬರು ಕೇಳಿದರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡುವ ನಮಗೆ ಈ ಪ್ರಶ್ನೆ ಹೊಸದಲ್ಲ. ಆದರೆ ಈ ಸಲ ಉತ್ತರ ಹೇಳದೆ ಬಿಡುವುದಿಲ್ಲ!

ಅಮೆರಿಕದಲ್ಲಿ 1974ರಲ್ಲಿ ಕ್ರಿಯೇಟಿವ್ ಕಂಪ್ಯೂಟಿಂಗ್, 1975ರಲ್ಲಿ ಬೈಟ್, 1979ರಲ್ಲಿ ಕಂಪ್ಯೂಟ್ ಪತ್ರಿಕೆಗಳು ಶುರುವಾದವು. ಇಂಥ ಪತ್ರಿಕೆಗಳಲ್ಲಿ ಬೇಸಿಕ್ ಭಾಷೆಯ ಪ್ರೋಗ್ರಾಂಗಳು ಪುಟಗಟ್ಟಲೆ ಅಚ್ಚಾಗುತ್ತಿದ್ದವು. ಹುಡುಗರು ಒಂದೊಂದೇ ಸಾಲು ನೋಡಿಕೊಂಡು ಟೈಪ್ ಮಾಡಬೇಕು. ಒಂದು ಚಿಹ್ನೆ ತಪ್ಪಿದರೂ ಆಟ ಓಡದು. ತಪ್ಪು ಹುಡುಕುತ್ತಾ ಹುಡುಕುತ್ತಾ ವಿದ್ಯೆ ಬಂತು. ನಾವು ಮಕ್ಕಳಿಗೆ ಕಾಪಿ ಬರೆಸುವುದಿಲ್ಲವೇ? ಅದೇ ಪಾಠ.

ಆಮೇಲೆ ಪ್ರೋಗ್ರಾಂಗಳು ಪುಟದಲ್ಲಿ ಹಿಡಿಸದಷ್ಟು ಬೆಳೆದವು. ಪತ್ರಿಕೆಯ ಜೊತೆ ಕ್ಯಾಸೆಟ್, ಫ್ಲಾಪಿ, ಸಿಡಿ ಬಂದವು. ಕೊನೆಗೆ ಅಂತರಜಾಲ ಬಂತು. ಕ್ರಿಯೇಟಿವ್ ಕಂಪ್ಯೂಟಿಂಗ್ 1985ರಲ್ಲಿ, ಕಂಪ್ಯೂಟ್ 1994ರಲ್ಲಿ, ಬೈಟ್ 1998ರಲ್ಲಿ ನಿಂತವು. ನಿಲ್ಲಲಿ ಬಿಡಿ, ಒಂದು ತಲೆಮಾರನ್ನು ತಯಾರು ಮಾಡಿಯೇ ಹೋದವು.

ನಮ್ಮಲ್ಲಿ? 1984ರಲ್ಲಿ ಕೇಂದ್ರ ಸರ್ಕಾರದ ಕ್ಲಾಸ್ ಯೋಜನೆ ಶುರುವಾಗಿ ಶಾಲೆಗಳಿಗೆ ಬಿಬಿಸಿ ಮೈಕ್ರೋ ಬಂತು. 1987ರಲ್ಲಿ ಪಿಸಿ ಕ್ವೆಸ್ಟ್, 2001ರಲ್ಲಿ ಡಿಜಿಟ್ ಬಂದವು, ಎರಡೂ ಇಂಗ್ಲಿಷ್. ತಮಿಳಿನವರು 1990ರ ದಶಕದಲ್ಲೇ 'ತಮಿಳ್ ಕಂಪ್ಯೂಟರ್' ಎಂಬ ಪತ್ರಿಕೆಯನ್ನೇ ಮಾಡಿಕೊಂಡರು. ನಮ್ಮ ಕೈಗೆ ಮಾತ್ರ ಕನ್ನಡದ ಅಂಥದ್ದೊಂದು ಪತ್ರಿಕೆ ಬರಲೇ ಇಲ್ಲ.

ಕನ್ನಡದಲ್ಲಿ ಕೆಲಸವೇ ಆಗಿಲ್ಲ ಎನ್ನುತ್ತಿಲ್ಲ. 1996ರಲ್ಲೇ ಯು.ಬಿ. ಪವನಜರು ವಿಶ್ವಕನ್ನಡ ಅಂತರಜಾಲ ತಾಣ ತೆರೆದರು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ದೊಡ್ಡ ಕೆಲಸಗಳೇ. ಆದರೆ ಅವು ಕಂಪ್ಯೂಟರ್ ಇದ್ದವರಿಗೆ. ಕಂಪ್ಯೂಟರ್ ಇಲ್ಲದ ಹುಡುಗನೂ ಓದಬಹುದಾದದ್ದು ಅಚ್ಚಿನ ಪತ್ರಿಕೆ!

"ಓದುಗರಿಲ್ಲ" ಎನ್ನುತ್ತೀರಾ? ತಮಿಳಿನಲ್ಲಿ ಅವರು ಎಲ್ಲಿಂದ ಸಿಕ್ಕರು? ಬರೆದು ಕೊಟ್ಟರು, ಸಿಕ್ಕರು. ಬೆಂಗಳೂರಿನಲ್ಲಿ ಅಷ್ಟು ಕಂಪನಿಗಳನ್ನಿಟ್ಟುಕೊಂಡೂ ನಾವು ಕನ್ನಡವನ್ನು ಹಾಡಿಗೆ, ಹಬ್ಬಕ್ಕೆ ಮೀಸಲಿಟ್ಟೆವು. ಲೆಕ್ಕಕ್ಕೆ, ಯಂತ್ರಕ್ಕೆ ಬೇಡ ಎಂದೆವು. ತಪ್ಪು ನಮ್ಮದೇ, ಮೇಷ್ಟರದ್ದೂ ಸೇರಿ.

ಇವತ್ತು ಮಕ್ಕಳ ಕೈಯಲ್ಲಿ ಫೋನಿದೆ. ನೋಡುತ್ತಾರೆ, ಒತ್ತುತ್ತಾರೆ, ಒಳಗೇನು ನಡೆಯುತ್ತದೆಂದು ಕೇಳುವುದಿಲ್ಲ. ನುಗ್ಗೆಕಾಯಿ ತೂಕಕ್ಕೆ ದರ ಗುಣಿಸಿ ಮಂಡಿ ಕಮಿಷನ್ ಕಳೆಯಲು ಹತ್ತು ಸಾಲಿನ ಪ್ರೋಗ್ರಾಂ ಸಾಕು. ಪ್ರತಿ ಸಾಲು ಏನು ಮಾಡುತ್ತದೆಂದು ಮನೆಮಾತಿನಲ್ಲಿ ಹೇಳಿದರೆ ರೈತನ ಮಗಳು ಒಂದೇ ಸಂಜೆ ಕಲಿತಾಳು. ಪತ್ರಿಕೆಗಳ ಕಾಲ ಮುಗಿದಿರಬಹುದು, ಆ ಪಾಠದ ಕಾಲ ಮುಗಿದಿಲ್ಲ. ತಿಂಗಳಿಗೊಂದು ಪುಟ ಬರೆಯಲು ನಾವು ತಯಾರು. ನೀವು?