ಮಣ್ಣಿನೊಳಗಿನ ಬಾಳು

ಮರವನ್ನು ಕಂಡಾಗ ನಮ್ಮ ದೃಷ್ಟಿಯು ಕಾಂಡ, ಕೊಂಬೆ, ಎಲೆಗಳತ್ತ ಏರುತ್ತದೆ. ಅದನ್ನು ಹೊತ್ತು ನಿಂತ ಮಣ್ಣಿನತ್ತ ಇಳಿಯುವುದು ವಿರಳ. ಉತ್ತರ ಸ್ವೀಡನ್ನಿನ ಪೈನ್ ಕಾಡುಗಳಲ್ಲಿ ನಡೆದ ಸಂಶೋಧನೆಗಳು ಈ ರೂಢಿಯನ್ನು ತಿದ್ದುವಂತಿವೆ.

ಸ್ವೀಡನ್ನಿನ ಅರಣ್ಯವು ಬಹುಮಟ್ಟಿಗೆ ಮನುಷ್ಯನೇ ಕಡಿದು, ಮನುಷ್ಯನೇ ಬೆಳೆಸುವ ಅರಣ್ಯ. ಕಡಿದ ನೆಲದಲ್ಲಿ ಮರಳಿ ಕಾಡು ಬೆಳೆಸಬೇಕೆಂದು 1903ರಲ್ಲಿಯೇ ಅಲ್ಲಿ ಕಾನೂನಾಯಿತು. ನೆಟ್ಟ ಸಸಿಯನ್ನು ಎಣಿಸಬಹುದು. ಆದರೆ ಆ ಸಸಿಯನ್ನು ಸಾಕುವವರು ಯಾರು?

ಪೈನ್ ಮರದ ಎಳೆಬೇರುಗಳ ತುದಿಯನ್ನು ಶಿಲೀಂಧ್ರಗಳು ಒರೆಯಂತೆ ಸುತ್ತಿಕೊಂಡಿರುತ್ತವೆ. ಜರ್ಮನಿಯ ವಿಜ್ಞಾನಿ ಆಲ್ಬರ್ಟ್ ಬರ್ನ್‌ಹಾರ್ಡ್ ಫ್ರಾಂಕ್ 1885ರಲ್ಲಿ ಈ ಜೋಡಿಗೆ ‘ಮೈಕೊರೈಜಾ’, ಅಂದರೆ ಶಿಲೀಂಧ್ರ-ಬೇರು, ಎಂದು ಹೆಸರಿಟ್ಟನು. ಕೂದಲಿಗಿಂತ ನವಿರಾದ ಅದರ ಎಳೆಗಳು ಬೇರು ಹೊಗಲಾರದ ಸಂದುಗಳಿಗೂ ಹೊಕ್ಕು ಸಾರಜನಕ, ರಂಜಕ ಹಾಗೂ ನೀರನ್ನು ತಂದು ಮರಕ್ಕೆ ಒಪ್ಪಿಸುತ್ತವೆ. ಮರವು ಎಲೆಯಲ್ಲಿ ಸಿದ್ಧಪಡಿಸಿದ ಸಕ್ಕರೆಯನ್ನು ಅವಕ್ಕೆ ಉಣಿಸುತ್ತದೆ.

ಈ ಉಣಿಸು ಎಷ್ಟೆಂಬುದನ್ನು ಪೀಟರ್ ಹಾಗ್‌ಬರ್ಗ್ ಮತ್ತು ಸಂಗಡಿಗರು 2000ದಲ್ಲಿ ಪರೀಕ್ಷಿಸಿದರು. ಸುಮಾರು 50 ವರ್ಷದ ಪೈನ್ ಮರಗಳ ತೊಗಟೆಯನ್ನು ಕಾಂಡದ ಸುತ್ತ ಉಂಗುರದಂತೆ ಸುಲಿದರು. ಸಕ್ಕರೆ ಬೇರಿಗಿಳಿಯುವುದು ಒಳತೊಗಟೆಯ ಮೂಲಕವಾದುದರಿಂದ ಆ ದಾರಿ ಮುಚ್ಚಿತು. ನೀರೇರುವ ದಾರಿ ಕಟ್ಟಿಗೆಯೊಳಗಿರುವುದರಿಂದ ಎಲೆಗಳು ಕೂಡಲೇ ಒಣಗಲಿಲ್ಲ. ಆದರೂ ಒಂದೆರಡು ತಿಂಗಳಲ್ಲಿಯೇ ಮಣ್ಣು ಹೊರಬಿಡುವ ಇಂಗಾಲದ ಡೈಆಕ್ಸೈಡ್ ಶೇ. 54ರವರೆಗೆ ಇಳಿಯಿತು! ಅಂದರೆ ಆ ಮಣ್ಣಿನ ಉಸಿರಿನಲ್ಲಿ ಅರ್ಧದಷ್ಟು ಕೊಳೆಯುವ ತರಗಿನಿಂದ ಬಂದುದಲ್ಲ. ಬೇರುಗಳಿಂದಲೂ, ಮರವು ಅಂದಂದೇ ನೀಡುವ ಅನ್ನವನ್ನುಂಡು ಬದುಕುವ ಸೂಕ್ಷ್ಮಜೀವಿಗಳಿಂದಲೂ ಬಂದುದು.

ಹೀಗಿರುವಾಗ ಒಂದು ಹರಹಿನ ಮರಗಳನ್ನೆಲ್ಲ ಒಮ್ಮೆಗೇ ಕಡಿದರೆ ಏನಾದೀತು? ತರಗನ್ನು ಕೊಳೆಯಿಸುವ ಜೀವಿಗಳು ಉಳಿದಾವು; ಆದರೆ ಮರವನ್ನೇ ನಂಬಿದ ಶಿಲೀಂಧ್ರಗಳಲ್ಲಿ ಬಹುಪಾಲು ಅನ್ನವಿಲ್ಲದೆ ಅಳಿಯುತ್ತವೆ. ಕೆಲವು ಹೊಸ ಸಸಿಗಳೊಡನೆ ಬೇಗ ಮರಳುತ್ತವೆ. ಅಪರೂಪದವು ಮರಳಲು ದಶಕಗಳೇ ಬೇಕು. ಅಲ್ಲಲ್ಲಿ ಮರಗಳನ್ನು ನಿಲ್ಲಿಸಿ ಕಡಿದಲ್ಲಿ, ನಿಲ್ಲಿಸಿದಷ್ಟಕ್ಕೆ ತಕ್ಕಂತೆ ಶಿಲೀಂಧ್ರಗಳೂ ಉಳಿಯುತ್ತವೆಂದು ಅದೇ ಉತ್ತರ ಸ್ವೀಡನ್ನಿನ ಪೈನ್ ಕಾಡಿನಲ್ಲಿ ನಡೆದ ಮತ್ತೊಂದು ಅಧ್ಯಯನವು 2019ರಲ್ಲಿ ತಿಳಿಸಿತು. ನಿಂತ ಮರದ ಬೇರು ಹರಡಿದಷ್ಟು ದೂರ ಅವುಗಳ ಬಾಳೂ ಹರಡಿರುತ್ತದೆ.

ಕಡಿಯುವವನ ಲೆಕ್ಕದಲ್ಲಿ ಬಿಟ್ಟ ಮರವು ನಷ್ಟವೇ ಸರಿ. ಆದರೆ ನಾಳೆ ನೆಡುವ ಸಸಿಗೆ ಅದು ಮೂಲಧನ. ಫಲವನ್ನು ಕೊಯ್ಯುವವನು ಬೀಜಕ್ಕೆಂದು ಒಂದಿಷ್ಟು ತೆಗೆದಿಡುವಂತೆ, ಕಾಡನ್ನು ಕೊಯ್ಯುವವನು ಮಣ್ಣಿನ ಪಾಲೆಂದು ಒಂದಿಷ್ಟು ಮರಗಳನ್ನು ನಿಲ್ಲಿಸುವುದು ವಿವೇಕವೆನಿಸುತ್ತದೆ.